ಊರಿನ ಮೋರಿಗಳ ಚಿಂತೆ ಹೊತ್ತ ಮಹನೀಯರು: ಸರ್ ಎಂ. ವಿಶ್ವೇಶ್ವರಯ್ಯನವರು

ಹೊಸದಿಲ್ಲಿಯ ಚಾಣಕ್ಯಪುರಿಯಲ್ಲಿ, ಕೌಟಿಲ್ಯ ಮಾರ್ಗದ ಕರ್ನಾಟಕ ಭವನದಿಂದ ಹೊರಟು ದಕ್ಷಿಣಾಭಿಮುಖವಾಗಿ ರಿಂಗ್ ರೋಡಿನವರೆಗೆ ಸಾಗಿದವರಿಗೆ ಮೆಟ್ರೋ ರೈಲಿನ ನಿಲ್ದಾಣವೊಂದು ಕಾಣುವುದು. ೨೦೧೮ರಲ್ಲಿ ತೆರೆದ ಆ ನಿಲ್ದಾಣದ ಫಲಕದ ಮೇಲೆ ಮೋತಿಬಾಗ್ ಎಂಬ ಹೆಸರಿನೊಡನೆ ಸರ್ ವಿಶ್ವೇಶ್ವರಯ್ಯನವರ ಹೆಸರೂ ಸೇರಿದೆ. ಕೆಲಸ ಮುಗಿಸಿ ರಾತ್ರಿ ಹತ್ತು ಗಂಟೆಗೆ ಮನೆಗೆ ಮರಳುವ ನಮ್ಮ ಹೋಟೆಲು ಬಂಧುಗಳಲ್ಲಿಯೂ, ಕಡತಗಳ ನಡುವೆ ಹಗಲು ಕಳೆದು ಹೊರಬರುವ ಗುಮಾಸ್ತರಲ್ಲಿಯೂ ಅನೇಕರು ಆ ಫಲಕವನ್ನು ದಿನವೂ ಕಾಣುವರು. ಪರದೇಶದಂತಿರುವ ಈ ಊರಿನಲ್ಲಿ ನಮ್ಮವರೊಬ್ಬರ ಹೆಸರು ಕಂಡಾಗ ಎದೆ ತುಂಬುವುದು ಸಹಜವೇ.

ಆದರೆ ವಿಶ್ವೇಶ್ವರಯ್ಯನವರೆಂದೊಡನೆ ನಮ್ಮ ನೆನಪಿಗೆ ಬರುವುದು ಕನ್ನಂಬಾಡಿಯ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ. ಇವುಗಳ ವೃತ್ತಾಂತವನ್ನು ಶಾಲೆಯ ಮಕ್ಕಳೂ ಬಲ್ಲರು. ಸರ್ಕಾರದ ಮೇಣದ ಬತ್ತಿಯನ್ನಾರಿಸಿ ಸ್ವಂತ ಬತ್ತಿಯನ್ನು ಹಚ್ಚಿದ ಕಥೆಯಂತೂ ಪ್ರತಿ ಸೆಪ್ಟೆಂಬರಿನಲ್ಲಿಯೂ ಹೊಸದಾಗಿ ಹೇಳಲ್ಪಡುತ್ತದೆ. ಅದನ್ನು ಇಲ್ಲಿ ಪುನಃ ಹೇಳುವ ಉದ್ದೇಶವಿಲ್ಲ. ದಿವಾನಗಿರಿಗೆ ಬರುವ ಮುನ್ನ, ತಮ್ಮ ಆಯುಷ್ಯದ ಬಲವಾದ ಇಪ್ಪತ್ತೈದು ವರ್ಷಗಳಲ್ಲಿ ಬಹುಭಾಗವನ್ನು ಅವರು ಕುಡಿಯುವ ನೀರು, ಕೊಳಚೆ ನೀರು, ನೆರೆಯ ನೀರು ಈ ಮೂರರ ಲೆಕ್ಕಾಚಾರದಲ್ಲಿ ಕಳೆದರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಕಟ್ಟೆಯ ಚಿತ್ರವನ್ನು ಗೋಡೆಗೆ ತೂಗುಹಾಕಬಹುದು. ಮೋರಿಯ ಚಿತ್ರವನ್ನು ಯಾರು ತೂಗುಹಾಕುವರು?

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಜನ್ಮವರ್ಷವನ್ನು ಕೆಲವರು ೧೮೬೦ ಎಂದೂ ಕೆಲವರು ೧೮೬೧ ಎಂದೂ ಬರೆಯುವರು. ದಿನ ಮಾತ್ರ ಸೆಪ್ಟೆಂಬರ್ ೧೫. ಆ ದಿನವನ್ನೇ ದೇಶವು ಇಂಜಿನಿಯರುಗಳ ದಿನವೆಂದು ಆಚರಿಸುತ್ತಿದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಬಾಲಕನಿನ್ನೂ ಶಾಲೆಯಲ್ಲಿರುವಾಗಲೇ ಅವರು ತೀರಿಕೊಂಡರು. ಮುಂದಿನ ವಿದ್ಯಾಭ್ಯಾಸವು ಬೆಂಗಳೂರಿನಲ್ಲಿದ್ದ ಸೋದರಮಾವನವರ ಆಶ್ರಯದಿಂದ ನಡೆಯಿತು. ಮಾವನವರ ಮನೆಯೂ ಅನುಕೂಲಸ್ಥರದಲ್ಲ. ಆದುದರಿಂದ ಈ ತರುಣನು ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ, ಅಲ್ಲಿಯೇ ತಂಗಿದ್ದು, ಸೆಂಟ್ರಲ್ ಕಾಲೇಜಿನಲ್ಲಿ ಓದಿದನು. ಪರರ ಮನೆಯಲ್ಲಿ ದುಡಿದು, ಮಿಕ್ಕ ಹೊತ್ತಿನಲ್ಲಿ ಪುಸ್ತಕ ಹಿಡಿದು ಮುಂದೆ ಬಂದವರು ನಮ್ಮ ವಾಚಕರಲ್ಲಿಯೂ ಇರುವುದರಿಂದ ಈ ವಿಷಯವನ್ನು ವಿಸ್ತರಿಸಬೇಕಾಗಿಲ್ಲ.

೧೮೮೧ರಲ್ಲಿ ಬಿ.ಎ. ಪದವಿಯಾಯಿತು. ಮೈಸೂರು ಸರ್ಕಾರವು ವಿದ್ಯಾರ್ಥಿವೇತನವಿತ್ತು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. ೧೮೮೩ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಅವರು ಇಡೀ ಮುಂಬಯಿ ಪ್ರಾಂತಕ್ಕೆ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ ಹುದ್ದೆ ದೊರೆತು, ನಾಸಿಕದಲ್ಲಿ ಕೆಲಸಕ್ಕೆ ನಿಂತರು.

ಸಿಂಧು ದೇಶವು ಆ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿಯ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರನ್ನೊದಗಿಸುವ ಕಾರ್ಯ ೧೮೯೪ರಲ್ಲಿ ಅವರ ಪಾಲಿಗೆ ಬಂದಿತು. ಸಿಂಧೂ ನದಿಯ ನೀರು ಬಗ್ಗಡ. ಶೋಧಿಸುವ ಯಂತ್ರಗಳಿಗೆ ಮ್ಯುನಿಸಿಪಾಲಿಟಿಯಲ್ಲಿ ಹಣವಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಮೂಲಕ ಇಳಿದು ತಿಳಿಯಾದ ನೀರನ್ನು ಅದರಲ್ಲಿ ಸಂಗ್ರಹಿಸಿ ಮೇಲೆತ್ತಿಸಿದರು. ನಮ್ಮ ಕಡೆಯ ಹಳ್ಳಿಗಳಲ್ಲಿ ಬೇಸಗೆಯಲ್ಲಿ ಹೆಂಗಸರು ಹೊಳೆಯ ಮರಳಿನಲ್ಲಿ ಒರತೆ ತೋಡಿ ಬಿಂದಿಗೆ ತುಂಬುವ ಉಪಾಯವಲ್ಲವೇ ಇದು! ಊರಿನ ಖಜಾನೆಯ ಆಳವನ್ನು ನೋಡಿಯೇ ಯೋಜನೆಯನ್ನು ರೂಪಿಸಬೇಕೆಂಬ ಪದ್ಧತಿಯು ಅವರಲ್ಲಿ ಅಂದಿನಿಂದ ಕೊನೆಯವರೆಗೂ ಉಳಿಯಿತು. ಬಳಿಕ ಸೂರತ್, ಅನಂತರ ಪುಣೆ.

ಪುಣೆಯ ನೀರು ಖಡಕ್‌ವಾಸ್ಲಾ ಜಲಾಶಯದಿಂದ ಬರುತ್ತಿತ್ತು. ಮಳೆಗಾಲದಲ್ಲಿ ಕೋಡಿಯ ಮೇಲೆ ನೀರು ಹರಿದು ವ್ಯರ್ಥವಾಗುವುದು, ಬೇಸಗೆಯಲ್ಲಿ ಕೊರತೆಯಾಗುವುದು. ಕಟ್ಟೆಯನ್ನೆತ್ತರಿಸಲು ಹಣ ಸಾಲದು. ಎತ್ತರಿಸಿದರೂ ಮಹಾಪೂರ ಬಂದಾಗ ಕಟ್ಟೆಗೇ ಅಪಾಯ. ಆಗ ಅವರು ಕೋಡಿಯ ಮೇಲೆ ತಾವಾಗಿ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ಕಲ್ಪಿಸಿದರು. ನೀರು ಗೊತ್ತಾದ ಮಟ್ಟದವರೆಗೆ ಏರುವ ತನಕ ಬಾಗಿಲು ಮುಚ್ಚಿರುವುದು. ಮಟ್ಟ ಮೀರಿದೊಡನೆ ನೀರಿನ ಬಲದಿಂದಲೇ ತೂಕದ ಕಟ್ಟು ಸಡಿಲಿ ಬಾಗಿಲು ಮೇಲೇಳುವುದು. ಪೂರವಿಳಿದ ಮೇಲೆ ತಾನೇ ಇಳಿದು ಕುಳಿತುಕೊಳ್ಳುವುದು. ಮಧ್ಯರಾತ್ರಿಯ ಬಿರುಮಳೆಯಲ್ಲಿ ಕಾವಲುಗಾರನು ನಿದ್ರೆ ಹೋದರೂ ಕಟ್ಟೆಗೆ ಕೇಡಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಳವಡಿಸಿದ ಈ ಬಾಗಿಲುಗಳಿಗೆ ಅವರ ಹೆಸರಿನಲ್ಲಿ ಪೇಟೆಂಟು ದೊರೆಯಿತು. ಆದರೂ ಸರ್ಕಾರದ ಸೇವೆಯಲ್ಲಿದ್ದು ಮಾಡಿದ ಕೆಲಸಕ್ಕೆ ಗೌರವಧನ ಪಡೆಯಲು ಅವರು ಒಪ್ಪಲಿಲ್ಲ. ಗ್ವಾಲಿಯರಿನ ತಿಗ್ರಾ ಕಟ್ಟೆಯಲ್ಲಿಯೂ ಮುಂದೆ ಕನ್ನಂಬಾಡಿಯಲ್ಲಿಯೂ ಇದೇ ತತ್ತ್ವದ ಬಾಗಿಲುಗಳು ಬಂದವು.

ಅವರು ಪುಣೆಯಲ್ಲಿದ್ದ ಕಾಲವೇ ಪ್ಲೇಗು ಮಾರಿಯ ಕಾಲ. ೧೮೯೬ರಲ್ಲಿ ಮುಂಬಯಿಗೆ ಬಂದ ಆ ರೋಗವು ಪುಣೆಗೂ ಹಬ್ಬಿ, ಊರುಗಳ ಕೊಳಕು ಎಷ್ಟು ದುಬಾರಿಯೆಂಬುದನ್ನು ಸರ್ಕಾರಕ್ಕೂ ಜನರಿಗೂ ತೋರಿಸಿತು. ಪಟ್ಟಣಗಳ ನೈರ್ಮಲ್ಯವು ಆಡಳಿತದ ಮುಖ್ಯ ವಿಷಯವಾಯಿತು. ಇಂತಹ ಸಂದರ್ಭದಲ್ಲಿ, ೧೯೦೪ರಲ್ಲಿ, ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಸ್ಯಾನಿಟರಿ ಇಂಜಿನಿಯರರಾದರು. ಭಾರತೀಯರಿಗೆ ಅದುವರೆಗೆ ದೊರೆಯದಿದ್ದ ಹುದ್ದೆ ಅದು. ಸಿಂಧಿನಿಂದ ಧಾರವಾಡದವರೆಗೆ ಹಬ್ಬಿದ ಪ್ರಾಂತದಲ್ಲಿ ಯಾವ ಮ್ಯುನಿಸಿಪಾಲಿಟಿಯು ನೀರಿನ ಕೊಳಾಯಿ ಹಾಕಿಸಬೇಕಾದರೂ, ಒಳಚರಂಡಿ ಕಟ್ಟಿಸಬೇಕಾದರೂ ನಕ್ಷೆಯು ಅವರ ಮೇಜಿನ ಮೇಲೆ ಬರುತ್ತಿತ್ತು. ಧಾರವಾಡ, ಬಿಜಾಪುರಗಳ ನೀರಿನ ಯೋಜನೆಗಳಲ್ಲಿಯೂ ಅವರ ಕೈಯುಂಟು.

ಇಲ್ಲಿ ಸ್ವಲ್ಪ ನಿಂತು ಈ ವಿದ್ಯೆಯ ತಿರುಳನ್ನು ತಿಳಿಯುವುದು ಒಳ್ಳೆಯದು. ಏಕೆಂದರೆ ಇದು ನಮ್ಮ ವಾಚಕರ ಅಡುಗೆಮನೆಗೇ ಸಂಬಂಧಿಸಿದ್ದು.

ಊರಿನಿಂದ ಹೊರಹೋಗಬೇಕಾದ ನೀರು ಎರಡು ಬಗೆ. ಒಂದು, ಸ್ನಾನದ ಮನೆ, ಪಾಯಿಖಾನೆ, ಪಾತ್ರೆ ತೊಳೆಯುವ ಕಟ್ಟೆಗಳಿಂದ ಬರುವ ಮಲಿನಜಲ. ಇದರ ಪ್ರಮಾಣವು ಹೆಚ್ಚುಕಡಮೆ ಪ್ರತಿದಿನವೂ ಒಂದೇ. ಇನ್ನೊಂದು, ಮಳೆಯ ನೀರು. ಇದು ಒಂಬತ್ತು ತಿಂಗಳು ಇಲ್ಲವೇ ಇಲ್ಲ. ಬಂದಾಗ ಆಕಾಶವೇ ಕಳಚಿ ಬಿದ್ದಂತೆ ಬರುವುದು. ಲಂಡನ್, ಪ್ಯಾರಿಸ್‌ಗಳಂತಹ ಹಳೆಯ ಪಟ್ಟಣಗಳು ಎರಡನ್ನೂ ಒಂದೇ ದೊಡ್ಡ ಕೊಳವೆಗೆ ಬಿಟ್ಟವು. ಮುಂಗಾರಿನ ದೇಶದಲ್ಲಿ ಹಾಗೆ ಮಾಡಹೊರಟರೆ ಮೂರು ತಿಂಗಳ ಮಳೆಗಾಗಿ ಸುರಂಗದಷ್ಟು ದೊಡ್ಡ ಕೊಳವೆ ಬೇಕು. ಉಳಿದ ತಿಂಗಳುಗಳಲ್ಲಿ ಅದರ ತಳದಲ್ಲಿ ಕೊಳಚೆಯು ಹರಿಯದೆ ನಿಂತು ಕೊಳೆಯುವುದು. ಆದುದರಿಂದ ನಮ್ಮಲ್ಲಿ ಮಲಿನಜಲಕ್ಕೆ ಚಿಕ್ಕ ಕೊಳವೆ, ಮಳೆನೀರಿಗೆ ದೊಡ್ಡ ಚರಂಡಿ ಎಂದು ಎರಡನ್ನೂ ಬೇರ್ಪಡಿಸುವುದೇ ಸಾಮಾನ್ಯ ಪದ್ಧತಿಯಾಯಿತು. ದಿಲ್ಲಿಯ ವ್ಯವಸ್ಥೆಯೂ ಕಾಗದದ ಮೇಲೆ ಹೀಗೆಯೇ ಇದೆ.

ಕಾಗದದ ಮೇಲೆ ಎಂದೆವು. ತಾರಸಿಯ ನೀರನ್ನು ದೂರದ ಮಳೆಚರಂಡಿಗೆ ಸಾಗಿಸುವ ಬದಲು ಹತ್ತಿರವಿರುವ ಪಾಯಿಖಾನೆಯ ಕೊಳವೆಗೆ ಜೋಡಿಸಿಬಿಡುವ ಮನೆಗಳು ಎಷ್ಟಿಲ್ಲ? ನೂರು ಚದರ ಮೀಟರಿನ ಒಂದು ತಾರಸಿಯ ಮೇಲೆ ಒಂದು ಮಿಲಿಮೀಟರು ಮಳೆ ಸುರಿದರೆ ನೂರು ಲೀಟರು ನೀರು. ೨೦೨೪ರ ಜೂನ್ ೨೮ರ ಬೆಳಗಿನವರೆಗಿನ ಒಂದು ದಿನದಲ್ಲಿ ದಿಲ್ಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ ೨೨೮.೧ ಮಿಲಿಮೀಟರು ಮಳೆಯಾಯಿತು. ಎಂದರೆ ಆ ಒಂದು ತಾರಸಿಯಿಂದಲೇ ಇಪ್ಪತ್ತೆರಡು ಸಾವಿರದ ಎಂಟುನೂರು ಲೀಟರು. ತಲೆಗೆ ದಿನಕ್ಕೆ ೧೩೫ ಲೀಟರಿನ ಲೆಕ್ಕದಂತೆ ಐವರ ಸಂಸಾರವು ಬಳಸುವ ನೀರು ೬೭೫ ಲೀಟರು. ಆ ಸಂಸಾರದ ಒಂದು ತಿಂಗಳಿಗೂ ಮೀರಿದ ನೀರು ಒಂದೇ ದಿನದಲ್ಲಿ ಅದೇ ಚಿಕ್ಕ ಕೊಳವೆಗೆ ನುಗ್ಗಿದರೆ ಗತಿಯೇನು? ಕೊಳವೆ ತುಂಬುವುದು, ತುಂಬಿದ ನೀರು ಎಲ್ಲಿ ತಗ್ಗಿನ ಬಾಯಿ ಸಿಕ್ಕೀತೋ ಅಲ್ಲಿ ಮೇಲುಕ್ಕುವುದು. ಆ ತಗ್ಗಿನ ಬಾಯಿಯು ಹೋಟೆಲಿನ ನೆಲಮಾಳಿಗೆಯಲ್ಲಿ ಪಾತ್ರೆ ತೊಳೆಯುವವನ ಕಾಲಬುಡದಲ್ಲಿಯೇ ಇರುವುದು. ಜುಲೈ ತಿಂಗಳಿನಲ್ಲಿ ಮೊಣಕಾಲುದ್ದದ ಕೊಳಚೆಯಲ್ಲಿ ನಿಂತು ತಟ್ಟೆ ಲೋಟಗಳನ್ನು ತೊಳೆದವರಿಗೆ ಇದನ್ನು ನಾವು ವಿವರಿಸಬೇಕೇ? ಇದರ ಮೇಲೆ ಅನ್ನದ ಅಗುಳು, ಕಾಫಿಯ ಚರಟ, ಎಣ್ಣೆಯ ಜಿಡ್ಡು ಮೋರಿಗಿಳಿದು ಹೆಪ್ಪುಗಟ್ಟಿದರೆ ಮಳೆ ಬಾರದಿದ್ದರೂ ಕೊಳವೆ ಕಟ್ಟುವುದು. ಆಗ ಯಾರಾದರೊಬ್ಬ ಬಡಪಾಯಿಯನ್ನು ಕರೆದು ಮ್ಯಾನ್‌ಹೋಲಿಗೆ ಇಳಿಸುವರು. ಒಳಗಿನ ವಿಷವಾಯುವು ಒಂದೆರಡು ಉಸಿರಿನಲ್ಲಿಯೇ ಮನುಷ್ಯನನ್ನು ಕೆಡವಬಲ್ಲದು. ಅವನನ್ನೆತ್ತಲು ಇಳಿದವನೂ ಮೇಲೆ ಬರುವುದಿಲ್ಲ. ರಕ್ಷಣೆಯ ಸಾಧನಗಳಿಲ್ಲದೆ ಹೀಗೆ ಇಳಿಸುವುದನ್ನು ೨೦೧೩ರ ಶಾಸನವು ಅಪರಾಧವೆಂದು ಸಾರಿದೆ. ಯಜಮಾನನು ಹೇಳಿದನೆಂದು ನಮ್ಮ ಹುಡುಗರಾರೂ ಇಳಿಯಬಾರದು. ಬೇರೆಯವರನ್ನು ಇಳಿಸಲೂ ಬಾರದು.

ಪುನಃ ಚರಿತ್ರೆಗೆ ಬರೋಣ. ೧೯೦೬ರಲ್ಲಿ ವಿಶ್ವೇಶ್ವರಯ್ಯನವರನ್ನು ಸರ್ಕಾರವು ಏಡನ್ನಿಗೆ ಕಳುಹಿಸಿತು. ಆ ರೇವು ಆಗ ಮುಂಬಯಿ ಪ್ರಾಂತದ ಆಡಳಿತದಲ್ಲಿತ್ತು. ಮಳೆಯೇ ಅಪರೂಪವಾದ ಆ ಬಂಡೆಯೂರಿಗೆ ಅವರು ಒಳನಾಡಿನ ಲಹೇಜಿನ ಕಡೆಯ ಒಣ ಹೊಳೆಯ ಪಾತ್ರದಲ್ಲಿ ಬಾವಿಗಳನ್ನು ತೋಡಿ ನೀರು ತರುವ ದಾರಿಯನ್ನೂ, ಕೊಳಚೆಯನ್ನು ಸಾಗಿಸುವ ಬಗೆಯನ್ನೂ ಸೂಚಿಸಿ ವರದಿ ಬರೆದರು. ಇಷ್ಟೆಲ್ಲ ಯೋಗ್ಯತೆಯಿದ್ದರೂ ಪ್ರಾಂತದ ಚೀಫ್ ಇಂಜಿನಿಯರ ಪದವಿಯು ಆ ಕಾಲದಲ್ಲಿ ಭಾರತೀಯನೊಬ್ಬನಿಗೆ ದಕ್ಕುವಂತಿರಲಿಲ್ಲ. ೧೯೦೮ರಲ್ಲಿ ಅವರು ಸೇವೆಯನ್ನು ತ್ಯಜಿಸಿ ಪರದೇಶಗಳ ಪ್ರವಾಸಕ್ಕೆ ಹೊರಟರು.

ಅದೇ ವರ್ಷದ ಸೆಪ್ಟೆಂಬರ್ ೨೮ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು.

ಆ ದಿನದ ಭೀಕರತೆಯನ್ನು ಹೈದರಾಬಾದಿನ ಹಳಬರ ಮನೆಗಳಲ್ಲಿ ಅನೇಕ ತಲೆಮಾರುಗಳು ಹೇಳಿಕೊಂಡು ಬಂದಿವೆ. ನಗರದ ಮೇಲ್ಗಡೆಯ ಪ್ರದೇಶದಲ್ಲಿ ಎರಡು ದಿನ ಎಡೆಬಿಡದೆ ಮಳೆ ಸುರಿಯಿತು. ಮೂಸಿಯ ಜಲಾನಯನ ಪ್ರದೇಶದಲ್ಲಿ ಚಿಕ್ಕದೊಡ್ಡ ಕೆರೆಗಳು ೭೮೮. ಹೆಚ್ಚುಕಡಮೆ ಚದರ ಮೈಲಿಗೊಂದು ಕೆರೆ. ಅವುಗಳಲ್ಲಿ ೨೨೧ ಕೆರೆಗಳು ಒಡೆದವು. ಮೇಲಿನ ಕೆರೆ ಒಡೆದು ಅದರ ನೀರು ಕೆಳಗಿನದಕ್ಕೆ, ಅದೂ ಒಡೆದು ಮುಂದಿನದಕ್ಕೆ, ಹೀಗೆ ಸಾಲುಸಾಲಾಗಿ ಬಿಚ್ಚಿದ ನೀರೆಲ್ಲ ನಗರದ ನಡುವೆ ಹರಿಯುವ ನದಿಗೆ ಒಮ್ಮೆಲೇ ಬಂದು ಬಿದ್ದಿತು. ಅಫ್ಜಲ್ ಸೇತುವೆ, ಮುಸಲ್ಲಂ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋದವು. ಹಳೆಯ ಪುರಾನಾಪೂಲ್ ಒಂದು ಮಾತ್ರ ನಿಂತಿತು. ಸತ್ತವರ ಸಂಖ್ಯೆಯು ಸುಮಾರು ಹದಿನೈದು ಸಾವಿರವೆಂದು ಸಾಮಾನ್ಯವಾಗಿ ಗಣಿಸಲಾಗಿದೆ. ಅಫ್ಜಲ್‌ಗಂಜಿನ ಆಸ್ಪತ್ರೆಯ ಆವರಣದಲ್ಲಿದ್ದ ಹುಣಿಸೆಯ ಮರವನ್ನೇರಿ ಸುಮಾರು ನೂರೈವತ್ತು ಮಂದಿ ಪ್ರಾಣವುಳಿಸಿಕೊಂಡರು. ಆ ಮರವು ಇಂದಿಗೂ ಇದೆ. ನೆರೆಯ ದಿನದಂದು ಜನರು ಅದರ ಬುಡದಲ್ಲಿ ಸೇರಿ ಸತ್ತವರನ್ನು ಸ್ಮರಿಸುವರು.

ನಿಜಾಮರಾದ ಮಹಬೂಬ್ ಅಲಿ ಖಾನರ ಸರ್ಕಾರವು ವಿಶ್ವೇಶ್ವರಯ್ಯನವರನ್ನು ಆಹ್ವಾನಿಸಿತು. ಪ್ರವಾಸವನ್ನು ಪೂರೈಸಿ ೧೯೦೯ರ ಏಪ್ರಿಲಿನಲ್ಲಿ ಅವರು ಹೈದರಾಬಾದಿಗೆ ಬಂದರು. ಅವರಿಗೆ ವಹಿಸಿದ ಕೆಲಸ ಮೂರು: ನಗರದ ಪುನರ್ನಿರ್ಮಾಣಕ್ಕೆ ಸಲಹೆ, ಮುಂದೆ ನೆರೆ ಬಾರದಂತೆ ಉಪಾಯ, ನಗರಕ್ಕೊಂದು ಸಮಗ್ರವಾದ ಒಳಚರಂಡಿಯ ಯೋಜನೆ. ಮೂರನ್ನೂ ಒಬ್ಬನೇ ಇಂಜಿನಿಯರನಿಗೆ ಒಪ್ಪಿಸಿದುದು ವಿವೇಕದ ಮಾತು. ಇಂದು ನಮ್ಮ ಮಹಾನಗರಗಳಲ್ಲಿ ನದಿಗೊಂದು ಇಲಾಖೆ, ಮಳೆಚರಂಡಿಗೊಂದು, ಕೊಳಚೆಗೊಂದು, ರಸ್ತೆಗೆ ಇನ್ನೊಂದು. ಬೀದಿಯಲ್ಲಿ ನೀರು ನಿಂತಾಗ ಪ್ರತಿಯೊಂದೂ ಮತ್ತೊಂದರ ಕಡೆಗೆ ಬೆರಳು ತೋರಿಸುವುದನ್ನು ಕಾಣುತ್ತೇವೆ.

ಅವರು ಮೊದಲು ಮಾಡಿದ ಕೆಲಸವು ಅಳತೆ. ಎಷ್ಟು ಮಳೆ, ಎಷ್ಟು ಹೊತ್ತಿನಲ್ಲಿ, ಯಾವ ಕಡೆಯಿಂದ ಎಷ್ಟು ನೀರು, ನದಿಯ ಪಾತ್ರವು ದಡ ಮೀರದೆ ಎಷ್ಟನ್ನು ಸಾಗಿಸಬಲ್ಲದು ಎಂಬುದನ್ನು ಸರ್ವೆ ಮಾಡಿಸಿದರು. ಅಷ್ಟು ನೀರನ್ನು ಸಾಗಿಸಲು ನಗರದೊಳಗೆ ನದಿಯನ್ನು ಅಗಲಿಸುವುದೆಂದರೆ ಅರ್ಧ ನಗರವನ್ನೇ ಕೆಡವಬೇಕು. ದಡಗಳಿಗೆ ಬರಿಯ ಗೋಡೆ ಎತ್ತರಿಸಿದರೆ, ಗೋಡೆಯ ಹಿಂದಿನ ಬೀದಿಗಳ ನೀರು ನದಿಗಿಳಿಯದೆ ಅಲ್ಲಿಯೇ ನಿಲ್ಲುವುದು. ಆದುದರಿಂದ ನೆರೆಯನ್ನು ನಗರಕ್ಕೆ ಬರುವ ಮೊದಲೇ ತಡೆಯಬೇಕೆಂದು ಅವರು ನಿರ್ಣಯಿಸಿದರು. ನಗರಕ್ಕೆ ಕೆಲವು ಮೈಲಿ ಮೇಲೆ ಮೂಸಿಗೊಂದು, ಅದರ ಉಪನದಿಯಾದ ಈಸಿಗೊಂದು ಜಲಾಶಯ. ಬಿರುಮಳೆಯ ನೀರನ್ನು ಅವುಗಳಲ್ಲಿ ಹಿಡಿದಿಟ್ಟು, ನದಿಯು ತಾಳುವಷ್ಟನ್ನು ಮಾತ್ರ ಕೆಳಗೆ ಬಿಡುವುದು. ನಗರದೊಳಗೆ ದಡಗಳನ್ನು ಕಟ್ಟಿ, ಅವುಗಳ ಮೇಲೆ ಜನರು ತಿರುಗಾಡಲು ವಿಶಾಲವಾದ ರಸ್ತೆಗಳನ್ನೂ ಉದ್ಯಾನಗಳನ್ನೂ ಮಾಡುವುದು. ೧೯೦೯ರ ಅಕ್ಟೋಬರಿನಲ್ಲಿ ಅವರ ವರದಿ ಸರ್ಕಾರದ ಕೈಸೇರಿತು. ಮೂಸಿಯ ಜಲಾಶಯವು ಉಸ್ಮಾನ್ ಸಾಗರವೆಂಬ ಹೆಸರಿನಿಂದ ೧೯೨೦ರಲ್ಲಿಯೂ, ಈಸಿಯ ಜಲಾಶಯವು ಹಿಮಾಯತ್ ಸಾಗರವೆಂಬ ಹೆಸರಿನಿಂದ ೧೯೨೭ರಲ್ಲಿಯೂ ಸಿದ್ಧವಾದವು. ನೆರೆಯನ್ನು ತಡೆಯಲೆಂದು ಯೋಚಿಸಿದ ಆ ಕಟ್ಟೆಗಳೇ ನಗರಕ್ಕೆ ಬಹುಕಾಲ ಕುಡಿಯುವ ನೀರನ್ನೂ ಕೊಟ್ಟವು.

ಒಳಚರಂಡಿಯ ವಿಷಯದಲ್ಲಿ ಅವರ ದೃಷ್ಟಿ ಇನ್ನೂ ಮೆಚ್ಚತಕ್ಕದ್ದು. ನಗರದ ಕೊಳಚೆಯೆಲ್ಲ ಅದುವರೆಗೆ ತೆರೆದ ಮೋರಿಗಳ ಮೂಲಕ ನೇರವಾಗಿ ಮೂಸಿಗೆ ಬೀಳುತ್ತಿತ್ತು. ಅದನ್ನು ದಡದುದ್ದಕ್ಕೂ ಹಾಕಿದ ದೊಡ್ಡ ಕೊಳವೆಗಳಲ್ಲಿ ತಡೆದು ಹಿಡಿದು, ನದಿಗೆ ಸೇರಿಸದೆ ನಗರದ ಕೆಳಗಡೆಗೆ ಸಾಗಿಸಿ, ಅಲ್ಲಿ ಹೊಲಗಳಿಗೆ ಗೊಬ್ಬರದ ನೀರಾಗಿ ಉಪಯೋಗಿಸಬೇಕೆಂಬುದು ಅವರ ಯೋಜನೆ. ನೆರೆಯ ನಿವಾರಣೆಗೆ ಜನರು ತಕ್ಷಣ ಒಪ್ಪಿದರು, ಭಯವು ಹಸಿಯಾಗಿತ್ತು. ಮೋರಿಯ ಕೆಲಸಕ್ಕೆ ಹಣ ಬಿಡುಗಡೆಯಾಗುವುದು ಮಾತ್ರ ತಡವಾಯಿತು. ವರ್ಷಗಳು ಕಳೆದ ಬಳಿಕ, ೧೯೨೦ರ ದಶಕದಲ್ಲಿ, ಒಳಚರಂಡಿಯ ಕಾರ್ಯಕ್ಕಾಗಿ ಅವರನ್ನು ಹೈದರಾಬಾದ್ ಸರ್ಕಾರವು ಪುನಃ ಕರೆಯಿಸಿಕೊಂಡು ಸಲಹೆ ಪಡೆಯಬೇಕಾಯಿತು.

ಇಷ್ಟಾದರೂ ಹೈದರಾಬಾದಿಗೆ ನೆರೆ ತಪ್ಪಿತೇ ಎಂದು ಯಾರಾದರೂ ಕೇಳಬಹುದು. ೨೦೦೦ದ ಆಗಸ್ಟಿನಲ್ಲಿಯೂ ೨೦೨೦ರ ಅಕ್ಟೋಬರಿನಲ್ಲಿಯೂ ಆ ನಗರವು ಮುಳುಗಿತು. ಆದರೆ ಆ ಎರಡು ಸಾರಿಯೂ ಮುಖ್ಯವಾದ ಹಾನಿಯು ಬಂದದ್ದು ನಗರದೊಳಗೇ ಸುರಿದ ಮಳೆಯಿಂದ. ಕೆರೆಗಳ ಅಂಗಳದಲ್ಲಿ ಬಡಾವಣೆಗಳೆದ್ದುದರಿಂದ, ನಾಲೆಗಳು ಮನೆಗಳ ಕೆಳಗೆ ಹೂತುಹೋದುದರಿಂದ. ಜಲಾಶಯವು ತನ್ನ ಮೇಲ್ಗಡೆಯ ನೀರನ್ನು ತಡೆಯಬಲ್ಲದೇ ಹೊರತು ಕೆಳಗಡೆಯ ಮನುಷ್ಯರ ಲೋಭವನ್ನು ತಡೆಯಲಾರದು.

೧೯೦೯ರ ನವೆಂಬರಿನಲ್ಲಿ ಅವರು ಮೈಸೂರಿನ ಚೀಫ್ ಇಂಜಿನಿಯರರಾಗಿ ತಾಯ್ನಾಡಿಗೆ ಮರಳಿದರು. ಅದೇ ೧೯೦೯ರಲ್ಲಿಯೇ ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದ ಆರ್. ಶಾಮಶಾಸ್ತ್ರಿಗಳು, ಓಲೆಗರಿಯಲ್ಲಿ ದೊರೆತ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರು. ಚಾಣಕ್ಯಪುರಿಗೆ ಹೆಸರಿತ್ತ ಆ ಚಾಣಕ್ಯನ ಗ್ರಂಥವು ಮರಳಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಿಂದ. ಮನೆಯ ನೀರು ಹರಿದುಹೋಗಲು ಸರಿಯಾದ ಮೋರಿ ಇಡದವನಿಗೂ, ಬೀದಿಯಲ್ಲಿ ಕೆಸರುನೀರು ನಿಲ್ಲಿಸಿದವನಿಗೂ ಅದರಲ್ಲಿ ದಂಡ ವಿಧಿಸಿದೆ. ರಾಯಭಾರಿ ಕಚೇರಿಗಳ ಆ ಬಡಾವಣೆಗೆ ೧೯೫೦ರ ದಶಕದಲ್ಲಿ ಹೆಸರಿಟ್ಟವರು ಈ ಭಾಗವನ್ನು ಓದಿದ್ದರೋ ಇಲ್ಲವೋ!

ಮೈಸೂರಿನಲ್ಲಿ ಅವರು ಗೈದ ಕಾರ್ಯಗಳನ್ನು ವಾಚಕರು ಬಲ್ಲರು. ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆ ಆರಂಭವಾಯಿತು. ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದು ನಿವೃತ್ತರಾದರು. ಆಗ ಅವರಿಗೆ ಅರವತ್ತು ಸಮೀಪಿಸಿತ್ತು. ಮುಂದೆ ನಾಲ್ವತ್ತಕ್ಕೂ ಹೆಚ್ಚು ವರ್ಷಗಳ ಆಯುಷ್ಯವು ಉಳಿದಿತ್ತು.

ದಿಲ್ಲಿಯೊಡನೆ ಅವರ ಸಂಬಂಧವು ಆರಂಭವಾದುದು ಈ ನಿವೃತ್ತಿಯ ಕಾಲದಲ್ಲಿಯೇ. ಹೊಸ ರಾಜಧಾನಿಯ ನಿರ್ಮಾಣಕಾರ್ಯವನ್ನು ಪರಿಶೀಲಿಸಲು ಭಾರತ ಸರ್ಕಾರವು ೧೯೨೨ರಲ್ಲಿ ಸಮಿತಿಯೊಂದನ್ನು ನೇಮಿಸಿದಾಗ ಅದರಲ್ಲಿ ಅವರೂ ಒಬ್ಬ ಸದಸ್ಯರಾಗಿದ್ದರು. ಇಂದು ಚಾಣಕ್ಯಪುರಿಯಿರುವ ನೆಲವು ಆಗ ಊರಿನ ಹೊರಗಿತ್ತು. ಅರಾವಳಿಯ ದಿಣ್ಣೆಯಿಂದ ಇಳಿದು ಬರುವ ಕುಶಕ್ ನಾಲೆಯು ಆ ನೆಲದ ಮೇಲೆಯೇ ಹರಿದು, ಮುಂದೆ ಬಾರಾಪುಲಾ ನಾಲೆಯನ್ನು ಕೂಡಿ ಯಮುನೆಗೆ ಬೀಳುವುದು.

೧೯೩೭ರಲ್ಲಿ ಒರಿಸ್ಸಾದ ನದೀಮುಖಪ್ರದೇಶವು ನೆರೆಯಿಂದ ತತ್ತರಿಸಿದಾಗ ಗಾಂಧೀಜಿಯವರ ಅಪೇಕ್ಷೆಯಂತೆ ವಿಶ್ವೇಶ್ವರಯ್ಯನವರು ಅಲ್ಲಿಗೂ ಹೋದರು. ಎಪ್ಪತ್ತೈದು ದಾಟಿದ ವಯಸ್ಸು. ಬರಿಯ ಒಡ್ಡುಗಳನ್ನು ನಂಬಿ ಕೂರದೆ, ಮೊದಲು ನದಿಗಳ ನೀರಿನ ಅಳತೆಯನ್ನು ವರ್ಷವರ್ಷವೂ ಬರೆದಿಡಬೇಕೆಂದೂ, ಮೇಲ್ಗಡೆ ಜಲಾಶಯಗಳನ್ನು ನಿರ್ಮಿಸುವ ಯೋಚನೆ ಮಾಡಬೇಕೆಂದೂ ಸೂಚಿಸಿ ವರದಿಗಳನ್ನು ಒಪ್ಪಿಸಿದರು. ಮಹಾನದಿಗೆ ಹಿರಾಕುಡ್ ಕಟ್ಟೆಯು ೧೯೫೭ರಲ್ಲಿ ಪೂರ್ಣವಾದಾಗ ಅವರಿನ್ನೂ ಬದುಕಿದ್ದರು. ಅದಕ್ಕೆ ಎರಡು ವರ್ಷ ಮುಂಚೆ, ೧೯೫೫ರಲ್ಲಿ, ಭಾರತರತ್ನ ಪ್ರಶಸ್ತಿಯು ಅವರಿಗೆ ಸಂದಿತ್ತು.

ಅವರು ಒಂದು ಕಾಲದಲ್ಲಿ ಪರಿಶೀಲಿಸಿದ ಈ ರಾಜಧಾನಿಯ ಇತ್ತೀಚಿನ ಅವಸ್ಥೆಯನ್ನು ಎರಡು ಮಾತಿನಲ್ಲಿ ಹೇಳದೆ ಮುಂದುವರಿಯಲು ಮನಸ್ಸಾಗದು. ೨೦೨೩ರ ಜುಲೈ ೧೩ರಂದು ಯಮುನೆಯು ಹಳೆಯ ರೈಲ್ವೆ ಸೇತುವೆಯ ಬಳಿ ೨೦೮.೬೬ ಮೀಟರಿನ ಮಟ್ಟಕ್ಕೇರಿತು. ಅಷ್ಟೆತ್ತರಕ್ಕೆ ಏರಿದ ದಾಖಲೆ ಹಿಂದೆಂದೂ ಇರಲಿಲ್ಲ. ನದಿಯ ಮಟ್ಟವು ನಾಲೆಯ ಬಾಯಿಗಿಂತ ಮೇಲಾದಾಗ ನಾಲೆಯು ಹಿಂದಕ್ಕೆ ಹರಿಯತೊಡಗುವುದು. ಅದನ್ನು ತಡೆಯಲೆಂದೇ ನಾಲೆಗಳ ಬಾಯಿಗೆ ಬಾಗಿಲುಗಳುಂಟು. ಇಂದ್ರಪ್ರಸ್ಥದ ಬಳಿ ಹನ್ನೆರಡನೆಯ ಸಂಖ್ಯೆಯ ನಾಲೆಯ ಬಾಗಿಲು ಕಟ್ಟಡವು ಆ ಒತ್ತಡಕ್ಕೆ ಕೆಟ್ಟು, ನದಿಯ ನೀರು ಐ.ಟಿ.ಓ. ಚೌಕದವರೆಗೂ ಸುಪ್ರೀಂ ಕೋರ್ಟಿನ ಸಮೀಪಕ್ಕೂ ನುಗ್ಗಿತು. ಅಲ್ಲಿಯೇ ನದಿಗೆ ಅಡ್ಡಲಾಗಿರುವ ಕಟ್ಟೆಯ ಐದು ಬಾಗಿಲುಗಳು ಹೂಳಿನಲ್ಲಿ ಸಿಕ್ಕಿಕೊಂಡು ಮೇಲೇಳಲೇ ಇಲ್ಲ. ತೆರೆಯಲು ಸೈನ್ಯದವರು ಬರಬೇಕಾಯಿತು. ಕಾವಲುಗಾರನಿಲ್ಲದೆ ತಾನೇ ತೆರೆಯುವ ಬಾಗಿಲನ್ನು ನೂರಿಪ್ಪತ್ತು ವರ್ಷಗಳ ಹಿಂದೆ ಮಾಡಿಟ್ಟವನ ದೇಶದಲ್ಲಿ ಇದು ನಡೆಯಿತು. ಮರುವರ್ಷ ಜುಲೈ ೨೭ರ ಸಂಜೆ ಹಳೆ ರಾಜೇಂದ್ರನಗರದ ನೆಲಮಾಳಿಗೆಯೊಂದಕ್ಕೆ ಬೀದಿಯ ನೀರು ನುಗ್ಗಿ, ಓದುತ್ತ ಕುಳಿತಿದ್ದ ಮೂವರು ವಿದ್ಯಾರ್ಥಿಗಳು ಸತ್ತರು. ನಮ್ಮವರಲ್ಲಿ ನೆಲಮಾಳಿಗೆಯಲ್ಲಿ ಮಲಗುವವರು ಎಷ್ಟು ಮಂದಿಯಿಲ್ಲ! ಬಾಡಿಗೆ ಕಡಮೆಯೆಂಬುದು ನಿಜ. ಆದರೆ ಮಳೆ ಬಿರುಸಾದ ರಾತ್ರಿ ಅಲ್ಲಿ ಮಲಗಬೇಡಿರಿ. ಬೀದಿಯ ನೀರು ಮೆಟ್ಟಿಲಿಗೆ ಇಳಿದೊಡನೆ ಸಾಮಾನುಗಳ ಆಸೆ ಬಿಟ್ಟು ಮೇಲೆ ಬನ್ನಿರಿ. ನೀರು ಹೊರಗೆ ಒತ್ತಿ ನಿಂತ ಮೇಲೆ ಬಾಗಿಲು ತೆರೆಯಲಾರದು. ಮಾಲೀಕರಾದವರು ಮೋರಿಯ ಕೊಳವೆಗೆ, ನೀರು ಹಿಂದಕ್ಕೆ ಬಾರದಂತೆ ತಡೆಯುವ ಕವಾಟವೊಂದನ್ನು ಹಾಕಿಸಿದರೆ ಖರ್ಚು ದೊಡ್ಡದಲ್ಲ.

ಕುಶಕ್ ನಾಲೆಯ ಗತಿಯೂ ಹೇಳಿಕೊಳ್ಳುವಂತಹುದಲ್ಲ. ಮಳೆನೀರಿಗೆಂದು ಪ್ರಕೃತಿಯೇ ಕೊಟ್ಟ ಆ ಹಾದಿಯಲ್ಲಿ ಬೇಸಗೆಯಲ್ಲಿಯೂ ಕಪ್ಪು ನೀರು ಹರಿಯುತ್ತಿರುವುದು. ಎಂದರೆ ಮನೆಗಳ ಕೊಳಚೆಯು ಅದಕ್ಕೆ ಸೇರುತ್ತಿದೆಯೆಂದೇ ಅರ್ಥ. ಕೆಳಭಾಗದಲ್ಲಿ ಕೆಲವೆಡೆ ಅದರ ಮೇಲೆ ಚಪ್ಪಡಿ ಮುಚ್ಚಿ ಬಸ್ಸುಗಳು ನಿಲ್ಲುವ ತಾಣ ಮಾಡಿದ್ದಾರೆ. ಮುಚ್ಚಿದ ನಾಲೆಯ ಹೂಳನ್ನು ತೆಗೆಯುವುದು ಹೇಗೆ?

ವಿಶ್ವೇಶ್ವರಯ್ಯನವರು ತೊಂಬತ್ತು ದಾಟಿದ ಬಳಿಕವೂ ಸುಮ್ಮನಿರಲಿಲ್ಲ. ಬಿಹಾರದಲ್ಲಿ ಗಂಗಾನದಿಗೆ ಸೇತುವೆಯನ್ನು ಎಲ್ಲಿ ಕಟ್ಟಬೇಕೆಂಬ ವಿವಾದವೆದ್ದಾಗ ಸರ್ಕಾರವು ಅವರನ್ನೇ ಕೇಳಿತು. ಅವರು ಸ್ವತಃ ಸ್ಥಳಗಳನ್ನು ನೋಡಿ ಮೊಕಾಮೆಯ ಬಳಿಯ ಜಾಗವನ್ನು ಆರಿಸಿದರು. ಆ ಸೇತುವೆಯು ೧೯೫೯ರಲ್ಲಿ ತೆರೆಯಿತು. ಎಲ್ಲಿಗೆ ಹೋದರೂ ಅದೇ ಕೋಟು, ಅದೇ ಮೈಸೂರು ಪೇಟ, ಅದೇ ಗಡಿಯಾರದ ನಿಷ್ಠೆ.

೧೯೬೨ರ ಏಪ್ರಿಲಿನಲ್ಲಿ ಅವರು ಬೆಂಗಳೂರಿನಲ್ಲಿ ಕಾಲವಾದರು. ಅಂತ್ಯಕ್ರಿಯೆಯು ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನಡೆಯಿತು; ಸಮಾಧಿಯು ಅಲ್ಲಿದೆ. ಹೈದರಾಬಾದಿನಲ್ಲಿ ಮಳೆಗಾಲ ಬಲವಾದಾಗ ಹಿಮಾಯತ್ ಸಾಗರದ ಬಾಗಿಲುಗಳನ್ನು ಇಂತಿಷ್ಟು ಅಡಿ ಎತ್ತಲಾಗಿದೆಯೆಂಬ ವಾರ್ತೆಯು ಈಗಲೂ ಪತ್ರಿಕೆಗಳಲ್ಲಿ ಬರುತ್ತದೆ. ಅದನ್ನೋದಿ ಮೂಸಿಯ ದಂ‌ಡೆಯ ತಗ್ಗಿನ ಮನೆಗಳವರು ಪಾತ್ರೆ ಪಡಗ, ಮಕ್ಕಳುಮರಿಗಳನ್ನೆತ್ತಿಕೊಂಡು ಹೊತ್ತಿಗೆ ಮುಂಚೆಯೇ ಮೇಲಿನ ಬೀದಿಗಳಿಗೆ ಬರುವರು.